ಮಯಾಮಿಯಲ್ಲೊಂದು ಬೈಟೂ ಕಾಫಿ

ಒರ್ಲ್ಯಾಂಡೊದ ನಮ್ಮ ಮನೆಯಿಂದ ಮಯಾಮಿಗೆ ಕಾರಲ್ಲಿ ಹೆಚ್ಚುಕಮ್ಮಿ ನಾಲ್ಕು ಗಂಟೆ ದಾರಿ. ಕಳೆದ ಚಳಿಗಾಲದಲ್ಲಿ ಒಂದು ಶನಿವಾರ ಹದಿನೈದು ವರ್ಷದ ಮಗನ ಜೊತೆ ಹೋಗಿದ್ದೆ. ಕ್ಯೂಬಾದಿಂದ ಬಂದವರ ಬಡಾವಣೆ ಲಿಟಲ್ ಹವಾನಾ ಮುಟ್ಟಿದಾಗ ಕಾಫಿಗೆ ಜೀವ ಹಪಹಪಿಸುತ್ತಿತ್ತು. ಅಲ್ಲಿ ಹೋಟೆಲಿನ ಗೋಡೆಯ ಕಿಟಕಿಯಲ್ಲೇ ಕಾಫಿ ಕೊಡುತ್ತಾರೆ. ಕೊಲಾದಾ ಅಂತ ಕೇಳಿದರೆ ಸಕ್ಕರೆ ಜಾಸ್ತಿ ಹಾಕಿದ ಗಟ್ಟಿ ಕಪ್ಪು ಕಾಫಿ ಒಂದು ಲೋಟ, ಜೊತೆಗೆ ಪುಟಾಣಿ ಪ್ಲಾಸ್ಟಿಕ್ ಕಪ್ಪುಗಳು. ಹಂಚಿಕೊಂಡು ಕುಡಿಯಬೇಕು. ನಮ್ಮ ಬೈಟೂ ಥರಾನೇ ಅಲ್ವಾ!

ಪಕ್ಕದಲ್ಲಿದ್ದ ಅಜ್ಜನಿಗೂ ಒಂದು ಕಪ್ ಕೊಟ್ಟೆ. ಮಗನ ವಯಸ್ಸು ಕೇಳಿದರು, ಹೇಳಿದೆ. "ನಾನು ಬಂದಾಗ ಹನ್ನೊಂದು. ಒಬ್ಬನೇ ಬಂದೆ" ಅಂದರು.

1960ರಿಂದ 1962ರವರೆಗೆ 14,000ಕ್ಕೂ ಹೆಚ್ಚು ಮಕ್ಕಳು ಹೀಗೆ ಹೆತ್ತವರಿಲ್ಲದೆ ಕ್ಯೂಬಾದಿಂದ ಅಮೆರಿಕಕ್ಕೆ ಬಂದರು. ಕ್ಯಾಸ್ಟ್ರೊ ಸರ್ಕಾರ ಮಕ್ಕಳನ್ನು ತಮ್ಮಿಂದ ಕಿತ್ತುಕೊಳ್ಳುತ್ತದೆ ಅನ್ನೋ ಭಯ ಹೆತ್ತವರಿಗೆ. ಹವಾನಾ ವಿಮಾನ ನಿಲ್ದಾಣದಲ್ಲಿ ಗಾಜಿನ ಕೋಣೆ. ಒಳಗೆ ಮಕ್ಕಳು, ಹೊರಗೆ ಅಪ್ಪ ಅಮ್ಮ. 'ಪೆಸೆರಾ' ಅಂತಾರಂತೆ ಅದನ್ನು, ಅಂದರೆ ಮೀನಿನ ತೊಟ್ಟಿ. ಅಜ್ಜ ಅಂಗೈ ಎತ್ತಿ, ಎದುರಿಗೆ ಗಾಜು ಇದೆಯೇನೋ ಅನ್ನೋ ಹಾಗೆ ಒತ್ತಿ ತೋರಿಸಿದರು.

"ನಿಮ್ಮೂರಿನ ಮೆಲ್ ಮಾರ್ಟಿನೆಜ್ ಕೂಡ ಹಾಗೇ ಬಂದವರು" ಅಂದರು.

ಹೆಸರು ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ. ಪಶುವೈದ್ಯರ ಮಗ. 1962ರಲ್ಲಿ, ನನ್ನ ಮಗನಷ್ಟೇ ವಯಸ್ಸಿನಲ್ಲಿ, ಬಂದವರು. ಒರ್ಲ್ಯಾಂಡೊದಲ್ಲಿ ಯಾರ್ಯಾರದೋ ಮನೆಯಲ್ಲಿ ಬೆಳೆದರು. ಹೆತ್ತವರು ಬಂದದ್ದು 1966ರಲ್ಲಿ. ಕಾನೂನು ಓದಿ ವಕೀಲರಾದರು. ಆಮೇಲೆ ಊರಿನ ವಸತಿ ಪ್ರಾಧಿಕಾರದ ಅಧ್ಯಕ್ಷರು, 1998ರಲ್ಲಿ ಒರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯ (ಜಿಲ್ಲೆ ಥರ) ಮುಖ್ಯಸ್ಥರು, 2001ರಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಸಂಪುಟದಲ್ಲಿ ಇಡೀ ದೇಶದ ವಸತಿ ಸಚಿವರು. ಪರರ ಮನೆಯಲ್ಲಿ ಬೆಳೆದ ಹುಡುಗನ ಕೈಗೆ ಮನೆಗಳ ಖಾತೆ! ಇದನ್ನು ಕೇಳಿ ನನಗೆ ಗಂಟಲು ಕಟ್ಟಿತು.

2005ರಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಹೋದರು, ಅಲ್ಲಿಗೆ ಹೋದ ಮೊದಲ ಕ್ಯೂಬನ್ ಅಮೆರಿಕನ್. ಹೋದ ಹೊಸದರಲ್ಲೇ ಸದನದಲ್ಲಿ ಸ್ಪ್ಯಾನಿಷ್‌ನಲ್ಲೂ ನಾಲ್ಕು ಮಾತಾಡಿದರು. ಮನೆಯಾಚೆ ಕನ್ನಡಕ್ಕೆ ಹಂಬಲಿಸುವ ನನಗೆ ಅದು ತುಂಬಾ ದೊಡ್ಡದು ಅನ್ನಿಸಿತು. ಅವಧಿ ಮುಗಿಯುವ ಮೊದಲೇ, 2009ರಲ್ಲಿ, ರಾಜೀನಾಮೆ ಕೊಟ್ಟರು. ಮತ್ತೆ ಕಾನೂನು ಸಂಸ್ಥೆ, ಮರುವರ್ಷ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಅಜ್ಜನಿಗೆ ಆ ಬ್ಯಾಂಕಿನ ವಿಷಯ ಬೇಕಿರಲಿಲ್ಲ.

ಅಷ್ಟು ಹೊತ್ತು ಸುಮ್ನೆ ಇದ್ದ ಮಗ ಅಜ್ಜನನ್ನು ಕೇಳಿದ: "ನಿಮ್ಮ ಅಮ್ಮ ಯಾವಾಗ ಬಂದ್ರು?"

"ಮೂರು ವರ್ಷ ಆದಮೇಲೆ. ಆಗ ನಾನು ಅವಳಿಗಿಂತ ಎತ್ತರ ಆಗಿದ್ದೆ."

ಮಗ ಲೋಟದಲ್ಲಿ ಉಳಿದ ಕಾಫಿಯನ್ನು ಅವರ ಕಪ್ಪಿಗೇ ಬಗ್ಗಿಸಿದ.