ಎದುರಾಳಿಗಳ ಮೈದಾನಕ್ಕೆ ನಮ್ಮ ಜಗಳ

ಇವತ್ತು ಸಂಜೆ ನಾವು ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಅಭಿಮಾನಿಗಳೆಲ್ಲ ಕಾಫಿಗೆ ಸೇರಿದ್ದೆವು. ಮಾತು ಹೋಗಿ ನಿಂತಿದ್ದು ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್‌ನವರ ಮೈದಾನ ಓಲ್ಡ್ ಟ್ರಾಫರ್ಡ್ ಹತ್ತಿರ.

ಯಾರೋ 2024ರ ಮೇ ತಿಂಗಳ ಆ ವಿಡಿಯೊ ತೋರಿಸಿದರು. ಆರ್ಸೆನಲ್ ಪಂದ್ಯದ ದಿನ ಜೋರು ಮಳೆ. ಚಾವಣಿಯಿಂದ ಸೀಟುಗಳ ಮೇಲೆ ನೀರು ದಬದಬ ಸುರಿಯುತ್ತಿದೆ. ಎಲ್ಲರೂ ನಕ್ಕರು. "ಕೆಡವಿ ಹಾಕಲಿ ಬಿಡೋ" ಅಂದ ಒಬ್ಬ.

ನನಗೆ ನಗು ಬರಲಿಲ್ಲ.

ಪಕ್ಕದಲ್ಲೇ ಒಂದು ಲಕ್ಷ ಜನ ಕೂರುವ ಹೊಸ ಕ್ರೀಡಾಂಗಣ, ಸುಮಾರು 200 ಕೋಟಿ ಪೌಂಡ್ ಖರ್ಚು ಅಂತ 2025ರ ಮಾರ್ಚ್‌ನಲ್ಲಿ ಕ್ಲಬ್ ಹೇಳಿತು. ಸರಿ. ಆದರೆ ಹಳೆಯದನ್ನು ಕೆಡವಿದರೆ ಅಲ್ಲಿರುವ ಆ ಹಳೇ ಸುರಂಗ?

ದಕ್ಷಿಣ ಸ್ಟ್ಯಾಂಡ್‌ನ (ಪ್ರೇಕ್ಷಕರು ಕೂರುವ ಕಡೆ) ನಡುವೆ ಇದೆ. 1910ರಲ್ಲಿ ಕಟ್ಟಿದ್ದರಲ್ಲಿ ಉಳಿದಿರುವುದು ಹೆಚ್ಚುಕಡಿಮೆ ಅದೊಂದೇ. 1941ರಲ್ಲಿ ಜರ್ಮನ್ ಬಾಂಬ್ ಬಿದ್ದಾಗಲೂ ಉಳಿಯಿತು. ಈಗ ಅದಕ್ಕೆ ಮ್ಯೂನಿಕ್ ಸುರಂಗ ಅಂತ ಹೆಸರು, 1958ರ ವಿಮಾನ ದುರಂತದಲ್ಲಿ ಸತ್ತ ಯುನೈಟೆಡ್ ಆಟಗಾರರು ಮತ್ತಿತರರ ನೆನಪಿಗೆ. 1993ರವರೆಗೂ ಆಟಗಾರರು ಮೈದಾನಕ್ಕೆ ಬರುತ್ತಿದ್ದುದು ಅಲ್ಲಿಂದಲೇ. ಅಲ್ಲಿ ಆಡಲು ಹೋದಾಗ ನಮ್ಮ ಲಿವರ್‌ಪೂಲ್‌ನವರೂ ಅಲ್ಲಿಂದಲೇ ಬಂದವರು, ಅಲ್ವಾ?

ನಮ್ಮ ಮೈದಾನ ಆನ್‌ಫೀಲ್ಡ್ ಬಿಟ್ಟು ಪಕ್ಕದ ಸ್ಟ್ಯಾನ್ಲಿ ಪಾರ್ಕ್‌ಗೆ ಹೋಗುವ ಯೋಜನೆ ನಮಗೂ ಇತ್ತು. ಕೊನೆಗೆ ಇದ್ದಲ್ಲೇ ದೊಡ್ಡದು ಮಾಡಿದರು. 2016ರಲ್ಲಿ ಮೇನ್ ಸ್ಟ್ಯಾಂಡ್, ಆಮೇಲೆ ಆನ್‌ಫೀಲ್ಡ್ ರೋಡ್ ಕಡೆ. ಈಗ 60,000ಕ್ಕೂ ಜಾಸ್ತಿ ಸೀಟು. ನಮ್ಮ ಅಭಿಮಾನಿಗಳ ಹೆಸರಾಂತ ಸ್ಟ್ಯಾಂಡ್ ಕಾಪ್ ಅಲ್ಲೇ ಇದೆ.

ಇದನ್ನು ಹೇಳಿದ್ದಕ್ಕೆ, "ಓಲ್ಡ್ ಟ್ರಾಫರ್ಡ್‌ನಲ್ಲಿ ಸ್ಟ್ಯಾಂಡ್ ಬೆನ್ನಿಗೇ ರೈಲು ಹಳಿ ಇದೆಯಲ್ಲ, ಎಲ್ಲಿಗೆ ಹಿಗ್ಗಿಸ್ತಾರೆ?" ಅಂದ ಒಬ್ಬ ಗೆಳೆಯ. ಅದೂ ನಿಜ.

ಹೊಸದನ್ನೇ ಕಟ್ಟಲಿ ಹಾಗಾದರೆ. ಆ ಸುರಂಗಕ್ಕೆ ಮಾತ್ರ ಕೈ ಹಚ್ಚಬಾರದು. ಯುನೈಟೆಡ್ ಗೆಳೆಯರೇ, ಈ ಒಂದು ವಿಷಯದಲ್ಲಿ ನಾನು ನಿಮ್ಮ ಕಡೆ.