ಹೊಟ್ಟೆ ಇಲ್ಲದ ಮೀನಿಗೆ ಹೊಟ್ಟೆ ಕಾಲಂ

ಹಳ್ಳದ ಮೀನು ಏನು ತಿನ್ನುತ್ತೆ ಅಂತ ಬರೆದಿಟ್ಟ ನಮ್ ಶೀಟ್ ರಿವ್ಯೂ ಮೀಟಿಂಗಲ್ಲಿ ಸ್ಕ್ರೀನ್ ಮೇಲಿತ್ತು, ಹೊರಗಿಂದ ಬಂದಿದ್ದ ರಿವ್ಯೂವರ್ ಸರ್ ಸ್ಕ್ರೋಲ್ ಮಾಡ್ತಾ ಮಾಡ್ತಾ ನಿಲ್ಸಿ, "ಏನ್ರೀ ಇದು, ತೀರ್ಥಹಳ್ಳಿ ಕಡೆ ಮೀನೆಲ್ಲ ಏಕಾದಶಿ ಮಾಡ್ತಾವಾ?" ಅಂದ್ರು. ನೋಡಿದ್ರೆ ಗರ್ರಾ ಮುಲ್ಯ ಅನ್ನೋ ಮೀನಿನ ಎದುರಿಗೆ 'ಸ್ಟಮಕ್ ಫುಲ್‌ನೆಸ್', ಅಂದ್ರೆ ಹೊಟ್ಟೆ ಎಷ್ಟು ತುಂಬಿದೆ ಅನ್ನೋ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ ಎಂಪ್ಟಿ, ಎಂಪ್ಟಿ, ಎಂಪ್ಟಿ. ಎಲ್ರೂ ನಕ್ರು. ನಮ್ ಮೇಡಂ ನಗ್ಲಿಲ್ಲ, ನನ್ನನ್ನೇ ನೋಡಿದ್ರು.

ವಿಷಯ ಏನಪ್ಪಾ ಅಂದ್ರೆ ಗರ್ರಾಗೆ ಜಠರನೇ ಇಲ್ಲ. ರೋಹು, ಕಾಟ್ಲಾ ಎಲ್ಲ ಇದೇ ಕುಟುಂಬ, ಯಾವುದಕ್ಕೂ ಇಲ್ಲ, ಅನ್ನನಾಳ ಮುಗಿದಲ್ಲೇ ಕರುಳು ಶುರು. ಆದ್ರೆ ಮೇಲಿಂದ ಬಂದ ಪ್ರೊಫಾರ್ಮ, ಅಂದ್ರೆ ನಾವು ತುಂಬೋ ನಮೂನೆ, ಮುರ್ರೆಲ್ ಥರ ಬೇಟೆ ಆಡೋ ಮೀನು ನೋಡ್ಕೊಂಡು ಮಾಡಿದ್ದು, ಆ ಕಾಲಂ ತುಂಬದೇ ಇದ್ರೆ ರೋ ಸೇವ್ ಆಗಲ್ಲ, ಡ್ರಾಪ್‌ಡೌನ್‌ನಲ್ಲಿ 'ಅನ್ವಯಿಸುವುದಿಲ್ಲ' ಅನ್ನೋ ಆಪ್ಷನ್ನೂ ಇಲ್ಲ. ಇಲ್ಲದ ಹೊಟ್ಟೆ ಖಾಲಿ ತಾನೇ ಅಂತ ನಾನು ಎಂಪ್ಟಿ ಒತ್ತಿ ಡ್ರ್ಯಾಗ್ ಮಾಡಿದ್ದೆ. ಈ ಶೀಟ್ ಯಾರು ಓದ್ತಾರೆ ಅನ್ನೋ ಧೈರ್ಯ ಬೇರೆ!

ಮೇಡಂ ಬಾಯಿ ಬಿಡೋ ಮೊದ್ಲೇ ಸರ್ ಅಂದ್ರು, "ಬಲೆ ರಾತ್ರಿಯಿಡೀ ಬಿಟ್ಟಿದ್ರಾ?" ನ್ಯಾಯವಾದ ಪ್ರಶ್ನೆನೇ. ಸಂಜೆ ಗಿಲ್‌ನೆಟ್ ಕಟ್ಟಿ ಬೆಳಗ್ಗೆ ಎತ್ತಿದ್ರೆ ಸಿಕ್ಕಿಬಿದ್ದ ಮೀನು ಹೊಸದಾಗಿ ತಿನ್ನಲ್ಲ, ಒಳಗಿರೋದು ಜೀರ್ಣ ಆಗ್ತಾನೇ ಇರುತ್ತೆ. ನಾವು ಹಾಗೆ ಮಾಡಿರ್ಲಿಲ್ಲ. ನಮ್ ಜೊತೆ ಬರೋ ಅಣ್ಣ ಹಳ್ಳದಲ್ಲಿ ಬೀಸುಬಲೆನೇ ಹಾಕೋದು, ಬೀಸಿ ಕೂಡ್ಲೇ ಎಳೆಯೋದು, ಉದ್ದ ಅಳೆದು ಅಲ್ಲೇ ಕೆಡದ ಹಾಗೆ ಇಡೋ ಫಾರ್ಮಲಿನ್‌ಗೆ. ಫಾರ್ಮಲಿನ್‌ನಲ್ಲಿ ಮೀನು ಕುಗ್ಗುತ್ತೆ, ಅದಕ್ಕೇ ಮೊದ್ಲೇ ಅಳತೆ. ಇದನ್ನೆಲ್ಲ ಹೇಳಕ್ಕೆ ಹೋದ್ರೆ ನಾಲಿಗೆ ಅಂಟ್ಕೊಂಡು ಕೂತಿತ್ತು, ಎಂಪ್ಟಿ ಅಂತ ಬರೆದಿದ್ದು ನಾನೇ ಅಲ್ವಾ.

ಕೊನೆಗೆ ಎದ್ದು ಹೋಗಿ ಲ್ಯಾಬಿಂದ ಒಂದು ಬಾಟಲ್ ತಂದು ಅಲ್ಲೇ ಟ್ರೇಯಲ್ಲಿ ಮೀನು ಕೊಯ್ದೆ. ಬಾಯಿ ತಲೆಯ ಅಡಿಭಾಗಕ್ಕೆ, ಅದರ ಹಿಂದೆ ಕಲ್ಲು ಹಿಡಿಯೋಕೆ ತಟ್ಟೆಯಂಥ ಅಂಗ. ಎಂಥ ಸೆಳವಿದ್ರೂ ಕಲ್ಲಿಗೆ ಕಚ್ಚಿಕೊಂಡು ಮೇಲಿನ ಪಾಚಿ ಲೋಳೆ ಕೆರೆದು ತಿನ್ನುತ್ತೆ. ಕರುಳು ಜಿಲೇಬಿ ಥರ ಸುತ್ತು ಸುತ್ತು. ಫೋರ್ಸೆಪ್ಸ್‌ನಲ್ಲಿ ಬಿಡಿಸ್ತಾ ಹೋದ್ರೆ ಬರ್ತಾನೇ ಇದೆ, ಕೈ ನಡುಗ್ತಿದೆ, ಹರಿದ್ರೆ ಅಳತೆ ಹೋಯ್ತು. ಹರೀಲಿಲ್ಲ. ಮೀನಿನ ಉದ್ದಕ್ಕಿಂತ ಎಷ್ಟೋ ಪಟ್ಟು. ಮುರ್ರೆಲ್‌ದು ಮೈಯುದ್ದಾನೂ ಇರಲ್ಲ. ಮಾಂಸ ಬೇಗ ಅರಗುತ್ತೆ, ಪಾಚಿ ಅರಗೋಕೆ ದಾರಿ ಉದ್ದ ಬೇಕು.

ಕರುಳಿನ ಮುಂದಿನ ತುಂಡು ಹಿಂಡಿ ಎಸ್‌ಆರ್ ಸೆಲ್‌ಗೆ (ಎಣಿಸೋಕೆ ಬಳಸೋ ಗಾಜಿನ ಸ್ಲೈಡು) ಹಾಕಿ ಮೈಕ್ರೋಸ್ಕೋಪಲ್ಲಿ ಇಟ್ಟೆ. ಡಯಾಟಮ್ ಅನ್ನೋ ಗಾಜಿನ ಚಿಪ್ಪಿನ ಸಣ್ಣ ಪಾಚಿಯ ಕಂದು ರಾಶಿ, ನ್ಯಾವಿಕ್ಯುಲಾ, ಸಿಂಬೆಲ್ಲಾ, ಮಧ್ಯೆ ಹಸಿರು ಎಳೆ, ಮತ್ತೆ ಮರಳು. ಸರ್ ಕಣ್ಣಿಟ್ಟು ತುಂಬಾ ಹೊತ್ತು ನೋಡಿದ್ರು. "ಮರಳು ಆಹಾರದ ಲೆಕ್ಕಕ್ಕೆ ಸೇರ್ಸಿದೀರಾ?" ಇಲ್ಲ ಸರ್, ಕೆರೆಯೋವಾಗ ಜೊತೆಗೆ ಬರೋದು, ಬೇರೆ ಬರೆದಿದೀವಿ ಅಂದೆ. ಅದೊಂದು ಸರಿಯಾಗಿತ್ತು ಸದ್ಯ. ಕರುಳಿನ ಹಿಂದಿನ ತುದಿಯದ್ದೂ ತೋರ್ಸಿದೆ, ಅಲ್ಲಿ ಹೆಚ್ಚಿನ ಡಯಾಟಮ್ಮು ಬರೀ ಗಾಜಿನ ಚಿಪ್ಪು, ಒಳಗಿನ ಬಣ್ಣ ಹೋಗಿಬಿಟ್ಟಿದೆ. ಏಕಾದಶಿ ಮಾತು ಮತ್ತೆ ಬರ್ಲಿಲ್ಲ.

ಹೊರಗೆ ಬಂದ್ಮೇಲೆ ಬಲೆ ಅಣ್ಣ, "ನಿಮ್ ಶೀಟಿಗಿಂತ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನೇ ವಾಸಿ ಮಾರಾಯ್ರೆ, ಮಂಡಕ್ಕಿ ಹಾಕಿದ್ರೆ ಎದುರಿಗೇ ತಿಂದು ತೋರ್ಸುತ್ತೆ" ಅಂದ. ಅಲ್ಲಿ ಬಲೆ ಹಾಕೋ ಹಾಗಿಲ್ಲ, ಹಾಕಿದ್ರೂ ಮಂಡಕ್ಕಿ ಅನ್ನೋ ಕಾಲಂ ಯಾವ ಪ್ರೊಫಾರ್ಮದಲ್ಲಿದೆ ಹೇಳಿ.

ಕಂಪ್ಲೇಂಟ್ ಮೇಲೆ ಕಂಪ್ಲೇಂಟ್ ಬರೆದ್ಮೇಲೆ ಹೊಸ ವರ್ಷನ್ ಬಂತು. ಸ್ಟಮಕ್ ತೆಗೆದು ಗಟ್, ಅಂದ್ರೆ ಕರುಳು, ಅಂತ ಮಾಡಿದಾರೆ, ಖುಷಿ. ಪಕ್ಕದಲ್ಲೇ ಇನ್ನೊಂದು ಕಾಲಂ ಸೇರ್ಸಿದಾರೆ, ಕೆಂಪು ಸ್ಟಾರ್ ಹಾಕಿ, ತುಂಬದೇ ಸೇವ್ ಆಗಲ್ಲ: 'ನುಂಗಿದ ಬೇಟೆಯ ಉದ್ದ, ಸೆಂಟಿಮೀಟರ್‌ನಲ್ಲಿ'.