ಬಣ್ಣ ಗೆರೆ ದಾಟಿದ್ದರೆ ಹಾಗೇ ಬಿಡಿ

ಹಳೆಯ ಚಿತ್ರಗಳ ಡಿಜಿಟಲ್ ಪ್ರತಿ ತೆಗೆಯುವುದು ನನ್ನ ಕೆಲಸ. ಈಗ ಮೇಜಿನ ಮೇಲಿರುವುದು ಚೀನಾದ ನಿಯನ್‌ಹುವಾ, ಅಂದರೆ ಅಲ್ಲಿನ ಹೊಸ ವರ್ಷಕ್ಕೆ ಬಾಗಿಲು, ಗೋಡೆಗೆ ಅಂಟಿಸುವ ಮರದಚ್ಚಿನ ಚಿತ್ರಗಳು. ಉಳಿಯಲೆಂದು ಮಾಡಿದವೇ ಅಲ್ಲ ಇವು. ಬಾಗಿಲ ದೇವರು ಬಿಸಿಲು ಮಳೆಗೆ ಹರಿದುಹೋಗುತ್ತಾನೆ, ಮರುವರ್ಷ ಹೊಸದು ಬರುತ್ತದೆ. ಒಲೆ ದೇವರನ್ನಂತೂ ವರ್ಷದ ಕೊನೆಗೆ ಸುಟ್ಟೇ ಸ್ವರ್ಗಕ್ಕೆ ಕಳಿಸುತ್ತಾರೆ. 1907ರಲ್ಲಿ ರಷ್ಯಾದ ವಿದ್ವಾಂಸ ವಸೀಲಿ ಅಲೆಕ್ಸೇಯೆವ್ ಊರೂರು ಸುತ್ತಿ ಕೊಂಡಂಥ ಸಂಗ್ರಹಗಳಿಂದ ಎಷ್ಟೋ ಉಳಿದವು.

ಹೊಸದಾಗಿ ಸೇರಿದವರು ಕೇಳುತ್ತಾರೆ: "ಸರ್, ಬಣ್ಣ ಗೆರೆಯಿಂದ ಆಚೆ ಬಂದಿದೆ, ಸರಿ ಮಾಡಲಾ?" ಎಐ ಟೂಲ್ ಆದರೆ ಕೇಳುವುದೂ ಇಲ್ಲ, ಮಾಡಿಯೇ ಬಿಡುತ್ತದೆ.

ಬೇಡ ಅನ್ನುತ್ತೇನೆ. ಹೆನಾನ್ ಪ್ರಾಂತ್ಯದ ಝೂಶಿಯೆನ್‌ಝೆನ್ ಚಿತ್ರಗಳಲ್ಲಿ ಕಪ್ಪು ಗೆರೆಗೊಂದು ಕೆತ್ತಿದ ಮರದ ಹಲಗೆ, ಮತ್ತೆ ಬಣ್ಣಕ್ಕೊಂದೊಂದು ಹಲಗೆ. ಕಾಗದದ ಕಟ್ಟನ್ನು ಒಂದು ಅಂಚಿನಲ್ಲಿ ಬಿಗಿದು, ಹಲಗೆಗೆ ಬಣ್ಣ ಬಳಿದು, ಒಂದೊಂದೇ ಹಾಳೆ ಮಗುಚಿ ನಾರಿನ ಬ್ರಷ್ಷಿನಿಂದ ಉಜ್ಜುವ ಪದ್ಧತಿ ಇದೆ. ಹಲಗೆ ಕೂದಲೆಳೆಯಷ್ಟು ಜರುಗಿದರೂ ಮುಂದಿನ ಹಾಳೆಗಳಲ್ಲೆಲ್ಲ ಆ ಬಣ್ಣ ಒಂದೇ ಕಡೆಗೆ ಸರಿಯುತ್ತದೆ. ಹೀಗಾಗಿ ಬಾಗಿಲ ದೇವರಾದ ಸೇನಾನಿ ಯೂಚಿ ಗೊಂಗ್‌ನ ಎರಡು ಪ್ರತಿಗಳಲ್ಲಿ ತೋಳಿನ ಕೆಂಪು ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿದಿದ್ದರೆ ಎರಡೂ ಒಂದೇ ಕಟ್ಟಿನವಿರಬಹುದು ಎಂಬ ಗುಮಾನಿ ಬರುತ್ತದೆ. ಕೆಂಪು ಹಳದಿಯ ಮೇಲೇರಿದ ಕಡೆ ಯಾವ ಹಲಗೆ ಮೊದಲು ಬಿತ್ತು ಎಂಬುದೂ ಕೆಲವೊಮ್ಮೆ ಸಿಗುತ್ತದೆ. ಅಚ್ಚುಕಟ್ಟು ಮಾಡಿದ ಫೈಲ್‌ನಲ್ಲಿ ಇದೆಲ್ಲ ಮಾಯ.

ತಿಯಾನ್‌ಜಿನ್ ಬಳಿಯ ಯಾಂಗ್‌ಲಿಯುಚಿಂಗ್‌ದು ಬೇರೆ ದಾರಿ. ಗೆರೆ ಅಚ್ಚಿನದು, ಮುಖಕ್ಕೆ ಬಣ್ಣ ಕೈಯಿಂದಲೇ. ನೇರ ಬೆಳಕಿನಲ್ಲಿ ಮಗುವಿನ ಕೆನ್ನೆ ಬರೀ ಗುಲಾಬಿಯಾಗಿ ಕಾಣುತ್ತದೆ. ದೀಪವನ್ನು ಕಾಗದದ ಮಟ್ಟಕ್ಕೆ ಇಳಿಸಿ ಓರೆಯಾಗಿ ಬಿಟ್ಟರೆ ದಪ್ಪಗೆ ಹಚ್ಚಿದ ಬಿಳಿಯ ಅಂಚು, ಅದು ಸಿಪ್ಪೆ ಏಳುತ್ತಿರುವ ಜಾಗ ಎರಡೂ ಎದ್ದು ಕಾಣುತ್ತವೆ. ಅದಕ್ಕೇ ಪ್ರತಿ ಚಿತ್ರಕ್ಕೂ ಎರಡು ಫೋಟೋ: ಬಣ್ಣ ಸರಿಯಾಗಿ ಬಂದಿದೆಯೇ ಎಂದು ಹೋಲಿಸುವ ಕಾರ್ಡ್ ಪಕ್ಕದಲ್ಲಿಟ್ಟು ನೇರ ಬೆಳಕಿನಲ್ಲಿ ಒಂದು, ಓರೆ ಬೆಳಕಿನಲ್ಲಿ ಇನ್ನೊಂದು. ಸಮಯ ಹೆಚ್ಚು ಹಿಡಿಯುತ್ತದೆ, ನಿಜ.

ಅಚ್ಚಿನ ಹಲಗೆಗಳ ತ್ರೀಡಿ ಮಾದರಿ ಮಾಡುವುದೇ ದೊಡ್ಡ ತಲೆನೋವು. ಶಾಯಿ ಕುಡಿದು ಕುಡಿದು ಕರ್ರಗೆ ಹೊಳೆಯುತ್ತವೆ, ಫೋಟೋಗಳನ್ನು ಒಂದಕ್ಕೊಂದು ಹೊಂದಿಸುವ ಸಾಫ್ಟ್‌ವೇರ್‌ಗೆ ಹಿಡಿಯಲು ಒಂದು ಗುರುತೂ ಸಿಗುವುದಿಲ್ಲ. ದೀಪಕ್ಕೂ ಲೆನ್ಸಿಗೂ ಹೊಳಪು ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಎಷ್ಟೋ ವಾಸಿ.

ಮೂಲ ಫೈಲ್ 16 ಬಿಟ್ ಟಿಫ್, ಅಂದರೆ ಬಣ್ಣದ ಸೂಕ್ಷ್ಮ ವಿವರ ಉಳಿಸುವ ದೊಡ್ಡ ಫೈಲ್. ಅದನ್ನು ಯಾರೂ ಮುಟ್ಟುವಂತಿಲ್ಲ. ಪೋಸ್ಟರಿಗೆ ಬೇಕೆಂದರೆ ತಿದ್ದಿದ ಪ್ರತಿ ಬೇರೆ ಕೊಡುತ್ತೇನೆ, ಫೈಲ್ ಹೆಸರಿನಲ್ಲೇ 'ತಿದ್ದಿದ್ದು' ಎಂದು ಹಾಕಿ. ಆ ಪದ ತೆಗೆಯಿರಿ ಅಂತ ಪ್ರಚಾರ ವಿಭಾಗದವರು ಇನ್ನೂ ಜಗ್ಗಾಡುತ್ತಿದ್ದಾರೆ.